ಮೂರನೇ ಎಲೆಕ್ಟ್ರಾನ್ ಕಿತ್ತ ಭಾನುವಾರ

ಯಲಹಂಕದ ಪುಟ್ಟೇನಹಳ್ಳಿಯಲ್ಲಿ ನಾವಿರುವ ಕಟ್ಟಡದ ಬೋರ್‌ವೆಲ್ ನೀರಿನ ಮೇಲೆ ಕಳೆದ ಭಾನುವಾರ ನಾನು ಯುದ್ಧ ಸಾರಿದೆ! ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುವವನ ಬಿಳಿ ಪಂಚೆಯೇ ಹಳದಿಯಾಗುವುದೆಂದರೇನು?

"ಕೀರ್ತಿ, ನೀರಲ್ಲಿ ಕಬ್ಬಿಣ ಇದೆ ಕಣೇ," ಎಂದು ಹೆಂಡತಿಗೆ ವಿವರಿಸಿದೆ. "ಎರಡು ಎಲೆಕ್ಟ್ರಾನ್ ಬಿಟ್ಟ ಕಬ್ಬಿಣ ಕಣ್ಣಿಗೆ ಕಾಣದ ಹಾಗೆ ಕರಗಿರುತ್ತೆ. ಮೂರನೇದನ್ನೂ ಕಿತ್ಕೊಂಡ್ರೆ ತುಕ್ಕಾಗಿ ತಳ ಸೇರುತ್ತೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ರೆ ಮುಗೀತು!"

"ಪ್ಲಂಬರ್‌ನ ಕರೀರಿ."

"ಪ್ಲಂಬರ್‌ಗೆ ಈ ಎಲೆಕ್ಟ್ರಾನ್ ಕೀಳೋ ಉತ್ಕರ್ಷಣ ಗೊತ್ತಾ?"

"ನಿಮಗೆ ವಾಲ್ವ್ ಗೊತ್ತಾ?"

ಇಂಥ ಕ್ಷುದ್ರ ಪ್ರಶ್ನೆಗಳಿಗೆ ವಿಜ್ಞಾನ ಉತ್ತರಿಸುವುದಿಲ್ಲ. ತಾರಸಿಗೆ ಹೋಗಿ ಪುಡಿ ಸುರಿದು, ಉದ್ದನೆಯ ಪೈಪಿನಿಂದ ಕಲಕಿದೆ. ಸ್ಫಟಿಕದಂಥ ನೀರು ನೋಡನೋಡುತ್ತಿದ್ದಂತೆ ಹಳದಿಯಾಯಿತು, ಆಮೇಲೆ ಕೆಂಪು ಮಣ್ಣಿನ ಗದ್ದೆ! ಎಂಥ ದೃಶ್ಯ! ಆ ಸಂಭ್ರಮದಲ್ಲಿ ಮನೆಗಳಿಗೆ ಹೋಗುವ ವಾಲ್ವ್ ಮುಚ್ಚುವುದೇ ಮರೆತುಹೋಯಿತು.

ಕಬ್ಬಿಣದ ಉತ್ಕರ್ಷಣವಾದ ಕೂಡಲೇ ನನ್ನ ಅಪಕರ್ಷಣ ಶುರು!

ಮೊದಲು ಕಿರುಚಿದವಳು ಕೀರ್ತಿ. ತಲೆಗೆ ಸೀಗೆಪುಡಿ ಹಚ್ಚಿಕೊಂಡು ಶವರ್ ತಿರುಗಿಸಿದ್ದಳಂತೆ. "ರೀ, ಮೇಲಿಂದ ಸಾರು ಬರ್ತಿದೆ!"

ಅಷ್ಟರಲ್ಲಿ ಕೆಳಮನೆಯ ಜಾಹಿದಾ ಬಕೆಟ್ ಹಿಡಿದು ಓಡಿಬಂದರು. ಅಂದು ಸಂಜೆ ಅವರ ಮಗ ಅದ್ನಾನ್‌ನ ನಿಕಾಹ್. ಅಜ್ಜಿ ಕೈಯಾರೆ ಕಸೂತಿ ಹಾಕಿದ್ದ ಬಿಳಿ ಜುಬ್ಬಾವನ್ನು ಗಂಜಿ ಬಿಡಿಸಲೆಂದು ನೀರಲ್ಲಿ ನೆನೆಹಾಕಿದ್ದರು. ಈಗ ಅದಕ್ಕೆ ಹೆಂಚಿನ ಬಣ್ಣ!

"ಶಿವಪ್ರಕಾಶ್ ಸಾರ್, ಅಮ್ಮೀಗೆ ಏನಂತ ಹೇಳ್ಲಿ? ಆರು ತಿಂಗಳು ಕೂತು ಹಾಕಿದಾರೆ!" ಅವರ ಕಣ್ಣು ತುಂಬಿತ್ತು.

ನಾನು ಬಕೆಟ್ ಇಸಿದುಕೊಂಡೆ. ಎದೆಯುಬ್ಬಿಸಿ ಹೇಳಿದೆ: "ಗಾಬರಿ ಬೇಡ ಮೇಡಂ! ತುಕ್ಕಿಗೆ ನಿಂಬೆಹಣ್ಣೇ ಯಮ!"

ಮೂಲೆ ಅಂಗಡಿಯಿಂದ ಕುಡಿಯುವ ನೀರಿನ ಕ್ಯಾನ್‌ಗಳನ್ನು ನಾನೇ ಹೊತ್ತು ತಂದೆ. ಮೊದಲು ಜುಬ್ಬಾವನ್ನು ಚೆನ್ನಾಗಿ ಜಾಲಿಸಿದೆವು. ಆಮೇಲೆ ತಾರಸಿಯಲ್ಲಿ ಕೀರ್ತಿ ಅರ್ಧ ತೊಳೆದ ತಲೆಯಲ್ಲೇ ನಿಂಬೆ ಕತ್ತರಿಸಿದಳು. ಜಾಹಿದಾ ಉಪ್ಪು ಉದುರಿಸಿದರು. ಅವರ ಗಂಡ ಜಮೀರ್ ನನ್ನ ಮುಖವನ್ನೇ ನೋಡುತ್ತಾ ಹಿಂಡಿದರು. ಅವರು ಹಿಂಡುತ್ತಿದ್ದುದು ನಿಂಬೆಹಣ್ಣನ್ನೋ ನನ್ನ ಕತ್ತನ್ನೋ ಎಂಬ ಅನುಮಾನ ನನಗಿತ್ತು.

ಬಿಸಿಲೇರುತ್ತಿದ್ದಂತೆ ಕಲೆ ಕರಗಿತು. ಕಸೂತಿಯ ಎಳೆ ಎಳೆಯೂ ಬಿಳಿ! ಜಾಹಿದಾ ಜುಬ್ಬಾವನ್ನು ಕಣ್ಣಿಗೊತ್ತಿಕೊಂಡರು. ಜಮೀರ್ ನನ್ನ ಕಡೆ ತಿರುಗಿದರು: "ಸಂಜೆ ತಪ್ಪದೆ ಬನ್ನಿ ಸಾರ್. ಇಲ್ಲಿ ಟ್ಯಾಂಕ್ ಹತ್ರ ನಿಮ್ಮನ್ನ ಒಬ್ರನ್ನೇ ಬಿಟ್ಟು ಹೋಗಕ್ಕೆ ಧೈರ್ಯ ಇಲ್ಲ."

ಹೋದೆವು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಮದುಮಗನನ್ನು ಅಪ್ಪಿಕೊಂಡು ಮೂಗರಳಿಸಿದರು. "ವಾಹ್, ಎಂಥ ನಿಂಬೆಯ ಘಮ! ಯಾವ ಅತ್ತರು?"

ಅದ್ನಾನ್ ನಗುತ್ತಾ ನನ್ನ ಕಡೆ ಕೈ ತೋರಿಸಿದ. "ನಮ್ಮ ಮೇಷ್ಟ್ರೇ ಮಾಡಿದ್ದು."

ಹಿರಿಯರು ನನ್ನ ಕೈ ಹಿಡಿದುಕೊಂಡರು. "ನಮಗೂ ಒಂದು ಬಾಟ್ಲಿ ಸಿಗುತ್ತಾ ಸಾರ್?"

ನಾನು ಕಾಲರ್ ಸರಿಪಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಕೀರ್ತಿ ಹೇಳಿದಳು:

"ಬಾಟ್ಲಿ ವ್ಯಾಪಾರ ಇಲ್ಲ ಇವರದು. ಏನಿದ್ರೂ ಟ್ಯಾಂಕ್ ಲೆಕ್ಕದಲ್ಲೇ!"