ಸಿಂಕಿನಲ್ಲಿ ಹುಟ್ಟಿದ ಚಿನ್ನ

"ಕಪ್ಪುಕುಳಿ ಹೇಗೆ ಹುಟ್ಟುತ್ತೆ ಅಂತ ನಾನೇ ತೋರಿಸ್ತೀನಿ, ಅದೂ ನಮ್ಮ ಅಡುಗೆಮನೆ ಸಿಂಕಿನಲ್ಲಿ!"

ಭಾನುವಾರ ಮಧ್ಯಾಹ್ನ ಮಗಳ ಮುಂದೆ ಹೀಗಂತ ಘೋಷಿಸಿದೆ. ನಾನೇನು ಸಾಮಾನ್ಯನೇ? ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ವಾರವಿಡೀ ಒಂದು ಖಗೋಳ ಪುಸ್ತಕದ ಕಾಗುಣಿತ ತಿದ್ದಿ ತಿದ್ದಿ ಅರ್ಧ ವಿಜ್ಞಾನಿಯೇ ಆಗಿಬಿಟ್ಟಿದ್ದೆ.

ಸಿಂಕಿಗೆ ಬಿರಡೆ ಹಾಕಿ, ತುಂಬ ನೀರು ಬಿಟ್ಟು ಚಹಾಪುಡಿ ಉದುರಿಸಿದೆ. "ನೋಡು ಪುಟ್ಟಿ, ದೈತ್ಯ ನಕ್ಷತ್ರದ ಉರುವಲು ಮುಗೀತು ಅಂದ್ರೆ ಅದರ ಭಾರ ಅದಕ್ಕೇ ತಡೆಯಲ್ಲ. ತಿರುಳು ಕುಸಿದು ಕಪ್ಪುಕುಳಿ ಆಗುತ್ತೆ. ಸುತ್ತ ಇರೋದೆಲ್ಲ ಗಿರಗಿರ ತಿರುಗುತ್ತೆ. ಆ ಕಾವಿನಲ್ಲಿ ಚಿನ್ನದಂಥ ಧಾತುಗಳು ಹುಟ್ಟಿ ಹೊರಗೆ ಚಿಮ್ಮುತ್ತವಂತೆ!"

"ಚಿನ್ನ ಎಲ್ಲಪ್ಪಾ?"

ಹೆಂಡತಿಯ ಕಡೆ ಕೈ ಚಾಚಿದೆ. "ನಿನ್ನ ಮದುವೆ ಉಂಗುರ ಕೊಡೇ, ಒಂದೇ ನಿಮಿಷ."

"ನಿಮ್ಮದೇನಾಯ್ತು?"

"ಅಕ್ಕಸಾಲಿಗರ ಹತ್ರ ಪಾಲಿಶ್‌ಗೆ ಕೊಟ್ಟಿದ್ದೀನಲ್ಲ!"

"ಮೂರು ತಿಂಗಳಿಂದ ಅದೇನು ಉಜ್ತಿದ್ದಾರೋ! ಜೋಪಾನ ರೀ, ನಮ್ಮಮ್ಮ ತನ್ನ ಬಳೆ ಕರಗಿಸಿ ಮಾಡಿಸಿದ ಉಂಗುರ ಇದು."

ಉಂಗುರವನ್ನು ದಾರಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟೆ. ಸುಳಿ ಚೆನ್ನಾಗಿ ಬರಲೆಂದು ತೂತಿನ ಜಾಲರಿಯನ್ನು ಮೊದಲೇ ತೆಗೆದಿಟ್ಟಿದ್ದೆ. ಈ ಬುದ್ಧಿ ಪುಸ್ತಕದ್ದಲ್ಲ, ನನ್ನ ಸ್ವಂತದ್ದು! ಬಿರಡೆ ಕಿತ್ತೆ.

ಅಬ್ಬಾ! ಕಿಟಕಿಯ ಬಿಸಿಲು ನೀರಿಗೆ ಬಿದ್ದಿತ್ತು. ಕಪ್ಪು ಕಣಗಳು ಮೆಲ್ಲಗೆ ಸುತ್ತತೊಡಗಿದವು, ನಡುವೆ ಉಂಗುರ ಮಿನುಗುತ್ತಿತ್ತು. ಮನೆ, ಪ್ರೆಸ್ಸು, ನಾಳೆಯ ಸೋಮವಾರ, ಎಲ್ಲ ಕರಗಿಹೋದವು. ಕೋಟ್ಯಂತರ ವರ್ಷ ಹಿಂದೆ ಎಲ್ಲೋ ನಿಂತು, ನಮ್ಮತ್ತೆಯ ಬಳೆಯ ಚಿನ್ನ ಹುಟ್ಟುವುದನ್ನು ನಾನೊಬ್ಬನೇ ನೋಡುತ್ತಿದ್ದೆ. ಎಂಥಾ ಸುಖ! ಆ ಸುಖದಲ್ಲಿ ದಾರ ಹಿಡಿದ ಬೆರಳೂ ಸಡಿಲವಾಯಿತು.

ಗುಳುಂ!

"ಅಪ್ಪಾ, ಚಿನ್ನ ಯಾವಾಗ ಹೊರಗೆ ಚಿಮ್ಮುತ್ತೆ?"

ತೂತಿಗೆ ಬೆರಳು ತೂರಿಸಿ ತಡಕಿದೆ. "ಸ್ವಲ್ಪ... ಕಾಯಬೇಕಮ್ಮ."

ಹೆಂಡತಿ ಬೈಯಲಿಲ್ಲ. ಅದೇ ಭಯ! ನಮ್ಮ ಮನೆಯಲ್ಲಿ ಭಾಷಣದ ಖಾತೆ ನನ್ನದು, ರಿಪೇರಿ ಖಾತೆ ಅವಳದು. ಸಿಂಕಿನ ಕೆಳಗೆ ಬಕೆಟ್ ಇಟ್ಟು, ಬಾಗಿದ ಪೈಪನ್ನು ತಿರುಗಿಸಿ ಬಿಚ್ಚಿದಳು. ಕಪ್ಪು ಕೆಸರು ಬೊಳಕ್ಕನೆ ಬಿತ್ತು. ಕೈಯಾಡಿಸಿದಳು. ದಾರ ಸಿಕ್ಕಿತು, ತುದಿಯಲ್ಲಿ ಉಂಗುರ! ಹೋದ ಜೀವ ಬಂದಂತಾಯಿತು.

"ನೋಡಿದ್ಯಾ ಪುಟ್ಟಿ, ಚಿನ್ನ ಬಂತು!" ಅಂತ ಬೀಗಿದೆ.

ಹೆಂಡತಿಯ ಕೈ ಇನ್ನೂ ಬಕೆಟ್ಟಿನಲ್ಲೇ ಇತ್ತು. ಇನ್ನೊಂದು ಉಂಗುರ ಮೇಲೆ ಬಂತು. ಸ್ವಲ್ಪ ದೊಡ್ಡದು. ನನ್ನ ಅಂಗಿಗೇ ಒರೆಸಿ, ಒಳಗೆ ಕೆತ್ತಿದ್ದ ತನ್ನ ಹೆಸರನ್ನು ನಿಧಾನವಾಗಿ ಓದಿದಳು. ನಾನು ಕಳೆದುಕೊಂಡು, ಮನೆಯೆಲ್ಲ ಗುಟ್ಟಾಗಿ ಹುಡುಕಿ ಸೋತಿದ್ದ ನನ್ನದೇ ಉಂಗುರ!

"ನಿಮ್ಮ ವಿಜ್ಞಾನ ನಿಜ ಕಣ್ರೀ, ಒಂದು ಹಾಕಿದ್ರೆ ಎರಡು ಹುಟ್ಟಿತು. ನಿಮ್ಮ ಅಕ್ಕಸಾಲಿಗರು ನಮ್ಮ ಸಿಂಕಿನೊಳಗೇ ಅಂಗಡಿ ಇಟ್ಟಿದ್ದಾರೆ ಅಂತ ಗೊತ್ತೇ ಇರಲಿಲ್ಲ. ಪಾಲಿಶ್ ಮಾತ್ರ ಒಂಚೂರೂ ಚೆನ್ನಾಗಿಲ್ಲ!"