ಮಾಮಾ ಬಾಗಿಲಿಗೆ ಬಣ್ಣ ಹಚ್ಚಿದ್ದು

ಕಮಲಾಪುರದ ನಮ್ಮ ಸೋದರಮಾವ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಶುರು ಮಾಡಿದ್ದರೆ ತಾನೇ ಬಿಡೋದು! ಅಂಥ ಮಾಮಾ ಒಳಕೋಣೆಯ ಹಳೇ ಬಾಗಿಲಿಗೆ ತಾನೇ ಬಣ್ಣ ಹಚ್ಚುತ್ತೇನೆಂದಾಗ ನಾವೆಲ್ಲ ನಕ್ಕೆವು. ಅವನ ಹೆಂಡತಿ, ನಮ್ಮ ಅತ್ತಿ, ಮಾತ್ರ ನಗಲಿಲ್ಲ. ಕಣ್ಣು ಮಂಜಾಗಿದ್ದ ಆಕೆ ಬಿಳೇ ಗೋಡೆ ಯಾವುದು, ಬಿಳೇ ಬಾಗಿಲು ಯಾವುದು ತಿಳಿಯದೆ ಆಗಾಗ ಹಣೆ ಊದಿಸಿಕೊಳ್ಳುತ್ತಿದ್ದಳು.

ಎದ್ದು ಕಾಣುವ ಬಣ್ಣವೇ ಬೇಕೆಂದು ಮಾಮಾ ಕಲಬುರಗಿಗೆ ಬಂದು, ನನ್ನನ್ನು ಜಗತ್ ಸರ್ಕಲ್‌ನ ಪೇಂಟ್ ಅಂಗಡಿಗೆ ಎಳೆದೊಯ್ದ. ಅಂಗಡಿಯವರು ಬಣ್ಣದ ಕಾರ್ಡು ಹರವಿದರು. ಮಾಮಾ ಅದನ್ನು ಸರಿಸಿ, ಚೀಲದಿಂದ ಊರಿನ ಕೆಂಪು ಬಾಳೆಹಣ್ಣು ತೆಗೆದಿಟ್ಟ.

“ಇದರಂಗ ಕೊಡ್ರಿ.”

“ಅರೆ ಸಾಬ್, ಹಣ್ಣಿನ ಗಾಡಿ ಆ ಕಡಿ ನಿಂತಾವ್ರಿ!”

“ಹಣ್ಣು ನನ್ನ ಹತ್ರ ಅದ. ಬಣ್ಣ ಕೊಡ್ರಿ.”

ಅವರು ಬಣ್ಣ ಕಲಸಿ, ಹೋಲಿಸಿ ನೋಡಲು ತರುವಷ್ಟರಲ್ಲಿ ಹಣ್ಣು ಮಾಮಾನ ಹೊಟ್ಟೆ ಸೇರಿತ್ತು. “ಸಿಪ್ಪಿ ಅದಲ್ರಿ? ಒಳಗಿನ ಬಣ್ಣ ನನಗ ಬ್ಯಾಡ!”

ಮಾಮಾನ ಜೊತೆ ನಾನೂ ಊರಿಗೆ ಹೋದೆ. ಮುಂದೆ ಉಜ್ಜುವ ಪರ್ವ. ಸ್ಯಾಂಡ್ ಪೇಪರ್ ಹಿಡಿದು ಬಿಳಿ ಉಜ್ಜಿದ, ಕೆಳಗೆ ನೀಲಿ ಬಂತು. ನೀಲಿ ಉಜ್ಜಿದ, ಹಸಿರು ಬಂತು. ಇನ್ನೇನು ಬಂದೀತೋ ಎಂಬ ಆಸೆಗೆ ಕೈ ನಿಲ್ಲಿಸಲೇ ಇಲ್ಲ! ಹುಬ್ಬು ಮೀಸೆಯೆಲ್ಲ ಧೂಳಾಗಿ ಹಿಟ್ಟಿನ ಗಿರಣಿಯವನಂತೆ ಕಂಡ. ಒಳಗಿಂದ ಅತ್ತಿ ಕೂಗಿದಳು: “ಬಾಗ್ಲಾ ಉಳದದೇನ್ರಿ, ಮುಗದೇ ಹೋಯ್ತಾ?”

ಬಿರುಕಿಗೆಲ್ಲ ಪುಟ್ಟಿ ತುಂಬಿದ. ಅದೇ ಉಮೇದಿನಲ್ಲಿ ಚಿಲಕದ ತೂತಿಗೂ ತುಂಬಿದ! ಪ್ರೈಮರ್ ಒಣಗಿದ ಮೇಲೆ ಹೊರಮೈಗೆ ಕೆಂಪು ಬಳಿದು, ಒಳಮೈಗೆ ಬಳಿಯಲು ಕೋಣೆ ಹೊಕ್ಕು ಬಾಗಿಲು ಮುಚ್ಚಿಕೊಂಡ. ಹಿಡಿಕೆಗೂ ಬಳಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಕಿಟಕಿಯಲ್ಲಿ ಕಾಣಿಸಿತು.

“ಅಳಿಯಾ, ಚಹಾ ಇಲ್ಲೇ ಕೊಡು.”

“ಹೊರಗ ಬಾ ಮಾಮಾ.”

“ಹ್ಯಾಂಗ ಬರ್ಲಿ? ಎರಡೂ ಕಡಿ ಹಸಿ ಅದ! ಯಾರೂ ಮುಟ್ಟಬ್ಯಾಡ್ರಿ!”

ಆ ಕೂಗಿಗೆ ಏನಾಯಿತೋ ಎಂದು ಅತ್ತಿ ಗಾಬರಿಯಿಂದ ಎದ್ದು ಬಂದಳು. ತಡವರಿಸಲಿಲ್ಲ, ಗೋಡೆ ಹಿಡಿಯಲಿಲ್ಲ. ನೆಟ್ಟಗೆ ನಡೆದು, ಅಂಗೈ ಒತ್ತಿ ಬಾಗಿಲು ತೆರೆದೇಬಿಟ್ಟಳು! ಹಸಿ ಬಣ್ಣದಲ್ಲಿ ಐದೂ ಬೆರಳು ಮೂಡಿದವು. ನೊಣ ಕೂತರೂ ಬೈಯುತ್ತಿದ್ದ ಮಾಮಾ ಆ ಬೆರಳಚ್ಚು ನೋಡಿದ, ಆಕೆಯನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

“ಕಾಣಸ್ತೇನ?”

“ಕಾಣಸ್ತರಿ. ದೂರಿಂದನೇ ಕಾಣಸ್ತು.”

ಮಾಮಾ ಟರ್ಪೆಂಟೈನ್ ಬಟ್ಟೆ ತಗೊಂಡು ಆಕೆಯ ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದ. ಅವನ ಕೈಯೇ ಬಣ್ಣವಾಗಿದ್ದರಿಂದ ಒರೆಸಿದಷ್ಟೂ ಆಕೆಯ ಕೈ ಇನ್ನೂ ಕೆಂಪಾಗುತ್ತಿತ್ತು. ಅತ್ತಿ ಕೈ ಬಿಡಿಸಿಕೊಳ್ಳಲಿಲ್ಲ.