ಜುಲೈ ಇಪ್ಪತ್ತೆರಡರ ಒಣಮೀನು

ಆ ದಿನ ಆ ಮನೆಯಲ್ಲಿ ಕೋಳಿ ಕೂಗಿ ಬೆಳಗಾಗಲಿಲ್ಲ. ಕೂಗಬೇಕಾಗಿದ್ದ ಹುಂಜ ಆಗಲೇ ಪಾತ್ರೆಯೊಳಗೆ ಬೇಯುತ್ತಿತ್ತು. ಅಷ್ಟರೊಳಗೆ ಕೋಮಲ ನಲ್ಲಿ ನೀರು ಹಿಡಿದು ಡ್ರಮ್ಮು ತುಂಬಿಸಿದ್ದಳು. ಕುರಿಯ ಕರುಳಿನ ಬೋಟಿಗೆ ಸುಣ್ಣ ಹಚ್ಚಿ, ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ, ಒಗೆದ ಟವಲಿನಂತೆ ಬೆಳ್ಳಗೆ ಮಾಡಿ ಇಟ್ಟಿದ್ದಳು. ನಡುಮನೆ ತೊಳೆದಿದ್ದಳು. ಕಾಯಿ ತುರಿದು, ಮಸಾಲೆ ಹುರಿದು, ರಾಗಿ ಹಿಟ್ಟು ಜರಡಿ ಹಿಡಿದು, ನೆಗಡಿಯಾಗಿದ್ದ ಅತ್ತೆಗೆ ಶುಂಠಿ ಕಷಾಯ ಕಾಯಿಸಿ, ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ಗೋಡೆಯಿಂದ ಮಾವನ ಫೋಟೊ ಇಳಿಸಿ ಗಾಜು ಒರೆಸಿದ್ದಳು. ಸತ್ತವರಿಗೆ ಎಡೆ ಇಡುವ ದಿನ ಬಾಗಿಲಿಗೆ ರಂಗೋಲಿ ಹಾಕುವಂತಿಲ್ಲ ಎಂಬುದೊಂದೇ ಆ ಬೆಳಗಿನ ರಿಯಾಯಿತಿ. ಗಾರ್ಮೆಂಟ್ಸ್ ಫ್ಯಾಕ್ಟರಿಗೆ ರಜೆ ಹಾಕಿದ್ದಳು. ರಜೆ ಅಂದರೆ ಸಂಬಳ ಕೊಡುವ ಜಾಗ ಬಿಟ್ಟು ಸಂಬಳ ಕೊಡದ ಜಾಗದಲ್ಲಿ ದುಡಿಯುವುದು.

ಇವೆಲ್ಲ ಪ್ರತಿ ವರ್ಷದ ಮಾತು. ಈ ವರ್ಷದ ಸಾಹಸ ಬೇರೆಯೇ ಇತ್ತು. ಗ್ಯಾಸಿನ ಎರಡನೇ ಉರಿಯ ಮೇಲೆ, ಮುಚ್ಚಳದ ಮೇಲೊಂದು ಕಲ್ಲು ಹೇರಿಸಿಕೊಂಡು, ಒಂದು ಸಣ್ಣ ಪಾತ್ರೆಯಲ್ಲಿ ಒಣಮೀನಿನ ಸಾರು ಕುದಿಯುತ್ತಿತ್ತು. ಒಂದೇ ಒಲೆಯಲ್ಲಿ ಎರಡು ಎಡೆ ಬೇಯಿಸುತ್ತೇನೆ, ಒಂದನ್ನು ಊರೆಲ್ಲ ನೋಡಲಿ, ಇನ್ನೊಂದರ ವಾಸನೆಯೂ ಯಾರಿಗೂ ತಿಳಿಯಬಾರದು ಎಂದು ಕೋಮಲ ಪಣ ತೊಟ್ಟಿದ್ದಳು. ಚಂದ್ರಯಾನದ ಉಸ್ತುವಾರಿಯಲ್ಲಿ ಹೆಂಗಸರಿದ್ದರು ಎಂದು ಗಂಡನೇ ಒಮ್ಮೆ ಊಟ ಮಾಡುತ್ತಾ ಹೇಳಿದ್ದ. ಚಂದ್ರನ ತನಕ ಹೋಗುವುದನ್ನು ನೋಡಿಕೊಂಡವರಿಗಿಂತ, ನಡುಮನೆಯ ತನಕ ಒಣಮೀನು ಸಾಗಿಸುವುದು ದೊಡ್ಡದೇ?

ದೊಡ್ಡದೇ ಆಗಿತ್ತು. ಒಣಮೀನಿಗೆ ಗುಟ್ಟು ಎಂಬುದೇ ಇಲ್ಲ. ಕೋಮಲ ಊದುಬತ್ತಿ ಹಚ್ಚಿದಳು, ಸಾಂಬ್ರಾಣಿ ಹಾಕಿದಳು, ಸೆರಗಿನಲ್ಲಿ ಗಾಳಿ ಬೀಸಿದಳು. ಗಂಡ ಎದ್ದು ಬಂದು ಮೂಗು ಅರಳಿಸಿ, ಏನೋ ವಾಸನೆ ಬರ್ತಿದೆಯಲ್ಲ ಎಂದ. ಬೋಟಿ ತೊಳೆದದ್ದು ಎಂದಳು. ಬೋಟಿ ತೊಳೆದು ಅಭ್ಯಾಸವಿಲ್ಲದ ಆತ ನಂಬಿದ.

ಗಂಡ ಪ್ರೇಮ್‌ಕುಮಾರ್ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ‘ಇಂದಿನ ವಿಶೇಷ’ ಹೇಳುವುದು ಅವನ ಖಾತೆ. ಇಂಥ ತಾರೀಖಿನಲ್ಲಿ ಇಂಥ ಯುದ್ಧ ನಿಂತಿತು, ಇಂಥ ರಾಜ ಸತ್ತ, ಇಂಥ ಯಂತ್ರ ಹುಟ್ಟಿತು ಎಂದು ಶಾಲೆಯಲ್ಲಿ ಹೇಳಿ, ವಾಟ್ಸಾಪ್ ಗ್ರೂಪುಗಳಲ್ಲಿ ಹಾಕಿ, ಉಳಿದದ್ದನ್ನು ಮನೆಯಲ್ಲಿ ಬಡಿಸುತ್ತಿದ್ದ. ಮಲೇರಿಯಾಕ್ಕೆ ಸೊಳ್ಳೆಯೇ ಕಾರಣ ಎಂದು ಕಂಡುಹಿಡಿದದ್ದು ಆಗಸ್ಟ್ ಇಪ್ಪತ್ತರಂದು ಎಂಬುದು ಅವನಿಗೆ ಬಾಯಿಪಾಠ. ನಡುಮನೆಯ ಕಿಟಕಿಯ ಸೊಳ್ಳೆ ಜಾಲರಿ ಹರಿದು ಹೋಗಿದೆ, ಹೊಸದು ಹಾಕಿಸಿ ಎಂದು ಹೆಂಡತಿ ಹೇಳುತ್ತಾ ಬಂದದ್ದು ಮಾತ್ರ ಯಾವ ಕಿವಿಯಲ್ಲೂ ನಿಂತಿರಲಿಲ್ಲ. ಜಾಲರಿಯ ಈ ಸಂಗತಿ ಮುಂದೆ ಬರುತ್ತದೆ.

ಇನ್ನು ಜುಲೈ ಇಪ್ಪತ್ತೆರಡು ಅವನ ಪಾಲಿಗೆ ಹಬ್ಬ. ತ್ರಿವರ್ಣ ಧ್ವಜವನ್ನು ಸಂವಿಧಾನ ಸಭೆ ಒಪ್ಪಿಕೊಂಡ ದಿನ. ಎರಡನೇ ಚಂದ್ರಯಾನ ಹಾರಿದ ದಿನ. ವಿಮಾನದಲ್ಲಿ ಒಬ್ಬನೇ ಒಬ್ಬ ಮನುಷ್ಯ ಭೂಮಿಯನ್ನು ಸುತ್ತಿ ಮುಗಿಸಿದ ದಿನ. ಇಷ್ಟರ ಜೊತೆಗೆ ಅವನ ಅಪ್ಪ ಚಿಕ್ಕಮಾದು ತೀರಿಕೊಂಡ ದಿನ.

ಇಷ್ಟೇ ಅಲ್ಲ. ಹೋದ ವರ್ಷ ಇದೇ ಜುಲೈ ಇಪ್ಪತ್ತೆರಡರಂದು, ಟಿ. ನರಸೀಪುರದಾಚೆ, ಬನ್ನೂರಿನ ಕಡೆಯ ಹಳ್ಳಿಯಲ್ಲಿ, ಕೋಮಲಳ ಅವ್ವ ಗೋವಿಂದಮ್ಮ ಸತ್ತಳು. ಗದ್ದೆಯಲ್ಲಿ ನಾಟಿ ಹಾಕುತ್ತಾ ಬಗ್ಗಿದವಳು ಹಾಗೇ ಕೂತು, ಹಾಗೇ ಒರಗಿದ್ದಳಂತೆ. ಚಿಕ್ಕವ್ವ ಫೋನಿನ ಮೇಲೆ ಫೋನು ಮಾಡಿದ್ದಳು. ಇಲ್ಲಿ ಮಿಕ್ಸಿಯಲ್ಲಿ ಮಾವನ ಎಡೆಗೆ ಮಸಾಲೆ ತಿರುಗುತ್ತಿತ್ತು. ಸುದ್ದಿ ಕಿವಿಗೆ ಬಿದ್ದಾಗ ಬಾಳೆಎಲೆ ಹಾಸಿಯಾಗಿತ್ತು, ನೆಂಟರು ಕೂತಾಗಿತ್ತು. ಸಾವಿನ ಸುದ್ದಿ ಕೇಳಿದವಳು ಎಡೆ ಮುಟ್ಟುವಂತಿಲ್ಲ. ಬಡಿಸಲು ಆ ಮನೆಯಲ್ಲಿ ಬೇರೆ ಕೈಯಿರಲಿಲ್ಲ. ಅತ್ತೆ ಮಾದಮ್ಮ ಅವಳನ್ನು ಒಲೆಯ ಪಕ್ಕಕ್ಕೆ ಎಳೆದು, ಕಿವಿಯಲ್ಲಿ ಹೇಳಿದ್ದು ಇಷ್ಟೇ:

“ಕೇಳ್ಲಿಲ್ಲ ಅನ್ಕೊಂಡು ಬಡ್ಸ್‌ಬುಡವ್ವ.”

ಕೋಮಲ ಕೇಳಲಿಲ್ಲ ಅಂದುಕೊಂಡು ಬಡಿಸಿದಳು. ಮುದ್ದೆ ಬಡಿಸಿದಳು, ಬೋಟಿ ಬಡಿಸಿದಳು, ಇನ್ನೊಂದು ಸ್ವಲ್ಪ ಸಾರು ಎಂದವರಿಗೆ ಸಾರು ಬಡಿಸಿದಳು. ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಮಾರನೆಯ ದಿನ ಗಂಡನೊಂದಿಗೆ ಊರು ಮುಟ್ಟಿದಾಗ ಅವಳಿಗೆ ಕಂಡದ್ದು ಹಸಿ ಮಣ್ಣಿನ ಗುಡ್ಡೆ, ಅದರ ಮೇಲೆ ಮಳೆಗೆ ನೆನೆದ ಕಡ್ಲೆಪುರಿ. ಮಳೆ ಜೋರಾಗ್ತದೆ ಅಂತ ಮಣ್ಣು ಮಾಡ್ಬುಟ್ರು ಕಣವ್ವ ಎಂದು ಚಿಕ್ಕವ್ವ ಅತ್ತಿದ್ದಳು.

ಗೋವಿಂದಮ್ಮನಿಗೆ ಗಂಡುಮಕ್ಕಳಿಲ್ಲ. ಈಗ ವರ್ಷ ತುಂಬಿತ್ತು, ವರ್ಷದ ಎಡೆ ಇಡುವವರಿಲ್ಲ. ಅವ್ವ ಹಸಿದುಕೊಂಡು ಯಾರ ಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ ಎಂಬ ಒಂದೇ ಯೋಚನೆ ಕೋಮಲಳನ್ನು ತಿಂಗಳಿಂದ ತಿನ್ನುತ್ತಿತ್ತು. ಅವ್ವನಿಗೆ ಬೇಕಿದ್ದದ್ದಾದರೂ ಏನು? ಒಣಮೀನು ಸಾರು, ಬಿಸಿ ಅನ್ನ, ಎರಡೆಲೆ ಅಡಿಕೆ, ಚಿಟಿಕೆ ಹೊಗೆಸೊಪ್ಪು. ಮಾವನಿಗೋ ಒಣಮೀನೆಂದರೆ ಆಗದು. ಒಮ್ಮೆ ಅದರ ವಾಸನೆಗೆ ತಟ್ಟೆಯನ್ನೇ ಬೀದಿಗೆಸೆದಿದ್ದ ಮನುಷ್ಯ. ಆ ಮನೆಯಲ್ಲಿ ಅಂದಿನಿಂದ ಒಣಮೀನು ಒಲೆ ಏರಿರಲಿಲ್ಲ.

ಮಧ್ಯಾಹ್ನ ನೆಂಟರು ನೆರೆದರು. ಮಾವನ ಫೋಟೊದ ಮುಂದೆ ದೊಡ್ಡ ಬಾಳೆಎಲೆ, ಮುದ್ದೆ, ಹುಂಜದ ಸಾರು, ಬೋಟಿ ಗೊಜ್ಜು, ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬಾಟಲಿ. ಎಲ್ಲರೂ ಕೈಮುಗಿದು ಹೊರಗೆ ನಡೆದರು. ಎಡೆ ಇಟ್ಟ ಮೇಲೆ ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಕಾಯಬೇಕು. ಸತ್ತವರು ಬದುಕಿರುವವರ ಕಣ್ಣೆದುರು ಉಣ್ಣುವುದಿಲ್ಲ. ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಹಿರಿಯರೊಬ್ಬರು ಕೆಮ್ಮಿ, ಆಮೇಲೆ ಬಾಗಿಲು ತೆರೆಯಬೇಕು. ದೀಪದ ಬತ್ತಿ ಸರಿಮಾಡುವ ನೆವದಲ್ಲಿ ಕೋಮಲ ಕೊನೆಗೆ ಉಳಿದಳು. ಮಾವನ ಫೋಟೊದ ಬೆನ್ನಿಗೆ ತುಂಡು ಎಲೆ ಹಾಸಿದಳು. ಅನ್ನ, ಒಣಮೀನು ಸಾರು, ಎಲೆಅಡಿಕೆ ಇಟ್ಟಳು. ಪಿಂಚಣಿಗೆಂದು ಅವ್ವ ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೊವನ್ನು ಲೋಟಕ್ಕೆ ಒರಗಿಸಿದಳು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಬಂದು ಉಣ್ಣವ್ವ, ಸದ್ದು ಮಾಡಬ್ಯಾಡ ಎಂದು ಮೆಲ್ಲಗೆ ಹೇಳಿ ಬಾಗಿಲೆಳೆದಳು.

ಜಗಲಿಯಲ್ಲಿ ಪ್ರೇಮ್‌ಕುಮಾರ್ ಇಂದಿನ ವಿಶೇಷ ಶುರುಮಾಡಿದ್ದ. ಅಪ್ಪ ಎಂಥ ಮಹತ್ವದ ದಿನ ನೋಡಿಕೊಂಡು ಹೋದ ಎಂಬುದು ಅವನ ಹೆಮ್ಮೆ. ಧ್ವಜ ಮುಗಿಸಿ, ಚಂದ್ರಯಾನ ಹಾರಿಸಿ, ಒಂಟಿಯಾಗಿ ಭೂಮಿ ಸುತ್ತಿದ ವಿಮಾನದವನ ಬಳಿ ಬಂದ. ಅಪ್ಪನ ತಮ್ಮ ಹುಚ್ಚಯ್ಯನಿಗೆ ಅನುಮಾನ ಬಂತು.

“ಒಬ್ನೇ ಹೋದ್ನಾ? ಬುತ್ತಿ ಕಟ್‌ಕೊಟ್ಟೋರು ಯಾರ್ಲಾ?”

ಅದು ಇತಿಹಾಸದಲ್ಲಿ ಇಲ್ಲ ಚಿಕ್ಕಪ್ಪ ಎಂದ ಪ್ರೇಮ್‌ಕುಮಾರ್.

ಆಗ ಒಳಗೆ ಲೋಟ ಉರುಳಿತು. ಹಿಂದೆಯೇ ಕ್ವಾರ್ಟರ್ ಬಾಟಲಿ ಫಳ್ಳೆಂದಿತು. ಮಾದಮ್ಮ ಎದ್ದುನಿಂತು ಎರಡೂ ಕೈ ಜೋಡಿಸಿದಳು, ಕಣ್ಣಲ್ಲಿ ನೀರು.

“ಬಂದವ್ರೆ ಕನ. ಬದುಕಿದ್ದಾಗ್ಲೂ ಇಂಗೇ. ಉಣ್ಣಾಕ್ ಕೂತ್ರೆ ಮನೇಲಿ ಒಂದ್ ಪಾತ್ರೆ ಉಳೀತಿರ್ಲಿಲ್ಲ.”

ಒಳಗಿನಿಂದ ಗುರ್ರೆನ್ನುವ ಸದ್ದು ಬಂತು. ಅಣ್ಣನಿಗೆ ಕೋಪ ಬಂದದೆ ಎಂದು ಹುಚ್ಚಯ್ಯ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ. ನೆಂಟರೆಲ್ಲ ಕೆನ್ನೆ ಬಡಿದುಕೊಂಡರು. ಪ್ರೇಮ್‌ಕುಮಾರ್ ಮೊಬೈಲು ತೆಗೆದು ಆ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳತೊಡಗಿದ.

ಆ ಜನರ ನಡುವೆ ಕೋಮಲಳಿಗೆ ಮಾತ್ರ ಗೊತ್ತಿತ್ತು, ಬಂದಿರುವುದು ಹರಿದ ಜಾಲರಿಯಿಂದ ತೂರಿದ ಓಣಿಯ ಗಂಡು ಬೆಕ್ಕು ಎಂದು. ಬಾಯಿ ಬಿಟ್ಟರೆ ಬೆಕ್ಕನ್ನು ಕರೆದದ್ದು ಏನೆಂದೂ ಹೇಳಬೇಕು. ಬಿಡದಿದ್ದರೆ ಅವ್ವನ ಪಾಲಿನ ತುತ್ತು ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ. ಅವಳು ಯೋಚಿಸಿದ್ದು ಸ್ವಲ್ಪವೇ ಹೊತ್ತು. ಯಾರೂ ಕೆಮ್ಮುವ ಮೊದಲೇ, ಅತ್ತೆಯ ಜೋಡಿಸಿದ ಕೈಗಳನ್ನು ದಾಟಿ ಹೋಗಿ, ಬಾಗಿಲು ನೂಕಿಬಿಟ್ಟಳು.

ಮಾವ ಅಂಗಾತ ಬಿದ್ದಿದ್ದ, ಎದೆಯ ಮೇಲೆ ಮುದ್ದೆ. ಬೋಟಿ ಗೋಡೆಗೆ ಹತ್ತಿತ್ತು. ಅಷ್ಟು ಬಗೆಯ ಅಡುಗೆಯಲ್ಲಿ ಬೆಕ್ಕು ಬಾಯಿಟ್ಟದ್ದು ಒಣಮೀನಿಗೆ ಮಾತ್ರ. ಕೊನೆಯ ತಲೆಯನ್ನು ಕಚ್ಚಿಕೊಂಡು, ಕೋಮಲಳ ಮುಖವನ್ನೊಮ್ಮೆ ನೋಡಿ, ಬಂದ ಜಾಲರಿಯಿಂದಲೇ ಹೊರಟುಹೋಯಿತು. ತುಂಡು ಎಲೆ ನೆಕ್ಕಿಸಿಕೊಂಡು ಬರಿದಾಗಿತ್ತು. ಅವ್ವ ಹುಂಜದ ಸಾರಿನೊಳಗೆ ಮಗುಚಿ ಬಿದ್ದಿದ್ದಳು. ಕೋಮಲ ಕೂತು, ಸೆರಗಿನಿಂದ ಅವ್ವನ ಮುಖ ಒರೆಸಿದಳು. ಕಣ್ಣಿನ ಹತ್ತಿರ ಅರಿಸಿನದ ಕಲೆ ಹೋಗಲಿಲ್ಲ.

ನೆಂಟರು ಬಾಗಿಲಲ್ಲಿ ಮುಕುರಿಕೊಂಡರು. ನೆಗಡಿಯ ಮೂಗಿಗೂ ಈಗ ವಾಸನೆ ತಿಳಿದು ಮಾದಮ್ಮ ಸೆರಗು ಅಡ್ಡ ಹಿಡಿದಳು. ಪ್ರೇಮ್‌ಕುಮಾರ್ ಫೋಟೊ ನೋಡಿದ, ಹೆಂಡತಿಯನ್ನು ನೋಡಿದ.

“ಇದೇನಿದು ಕೋಮಲ, ನಿಮ್ಮವ್ವನ ಫೋಟೊ ಯಾಕೆ ಇಲ್ಲಿ?”

“ಇವತ್ತು ನಮ್ಮವ್ವನ ವರ್ಷ.”

“ಇಪ್ಪತ್ಮೂರಲ್ವಾ?” ಎಂದ ಅವನು, ತಪ್ಪು ಉತ್ತರ ಬರೆದ ಹುಡುಗನನ್ನು ತಿದ್ದುವ ದನಿಯಲ್ಲಿ. “ನಾವು ಹೋಗಿದ್ದು ಇಪ್ಪತ್ಮೂರು.”

“ನಾವು ಹೋಗಿದ್ದು ಇಪ್ಪತ್ಮೂರು. ಅವ್ವ ಹೋಗಿದ್ದು ಇಪ್ಪತ್ತೆರಡು.”

ಮೊದಲೇ ಹೇಳಬಾರದಿತ್ತೇ, ಸ್ಟೇಟಸ್ಸಿಗಾದರೂ ಹಾಕುತ್ತಿದ್ದೆನಲ್ಲ ಎಂದು ಪ್ರೇಮ್‌ಕುಮಾರ್ ಗೊಣಗಿದ.

ಮಾದಮ್ಮ ಬೈಯಲಿಲ್ಲ. ಬೈಯುತ್ತಾಳೆಂದು ಕೋಮಲ ತಯಾರಾಗಿದ್ದಳು. ಮುದುಕಿ ಒಳಗೆ ಬಂದು ಗಂಡನ ಫೋಟೊ ಎತ್ತಿ, ಎದೆಯ ಮೇಲಿನ ಮುದ್ದೆ ತೆಗೆಯುತ್ತಾ, ಯಾರಿಗೂ ಅಲ್ಲದ ಹಾಗೆ ಹೇಳಿದಳು:

“ಹೆಣ್‌ಮಕ್ಳ ಅವ್ವಂದಿರ್ಗೆ ಎಡೆ ಇಡೋರ್ ಯಾರವ್ವ? ನಮ್ಮವ್ವ ಸತ್ತಿದ್ದು ಯಾವತ್ತು ಅಂತ್ಲೇ ನಂಗೊತ್ತಿಲ್ಲ. ಬಾಣಂತನ್‌ದಲ್ಲಿದ್ದೆ, ಯಾರೂ ಯೋಳ್ಲಿಲ್ಲ.” ಆಮೇಲೆ ಅದೇ ದನಿಯಲ್ಲಿ, “ಬೆಕ್ಕು ಮುಟ್ಟಿದ್ ಎಡೆ ಆಗಕಿಲ್ಲ. ಮತ್ತೆ ಒಲೆ ಹಚ್ಚವ್ವ,” ಎಂದಳು.

ಪ್ರೇಮ್‌ಕುಮಾರ್ ಗಡಿಯಾರ ನೋಡಿ, ಇನ್ನೊಂದು ಕೋಳಿ ತರಿಸುತ್ತೇನೆ, ಬೇಗ ಆಗಿಬಿಡುತ್ತೆ ಬಿಡು ಎಂದು ಧೈರ್ಯ ಹೇಳಿದ. ಯಾರ ಕೈಯಿಂದ ಆಗಿಬಿಡುತ್ತೆ ಎಂದು ಹೇಳಲಿಲ್ಲ. ನಾಳೆ ನಿಮ್ಮೂರಿಗೆ ಹೋಗಿ ಬರೋಣ ಎಂದೂ ಸೇರಿಸಿದ.

ಕೋಮಲ ಅವ್ವನ ಫೋಟೊ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಒಲೆಯ ಮುಂದೆ ನಿಂತಳು. ಲೈಟರು ಕೈಗೆತ್ತಿಕೊಂಡಳು. ಸಣ್ಣ ಪಾತ್ರೆಯ ತಳದಲ್ಲಿ ಒಣಮೀನು ಸಾರು ಇನ್ನೂ ಉಳಿದಿತ್ತು, ಒಬ್ಬರ ಊಟಕ್ಕಾಗುವಷ್ಟು. ನಾಳೆ ಇಪ್ಪತ್ಮೂರು. ನಾಳೆ ಹೋದರೆ ಅವ್ವ ಇನ್ನು ಮುಂದೆ ಎಲ್ಲರ ಲೆಕ್ಕದಲ್ಲೂ ಇಪ್ಪತ್ಮೂರಕ್ಕೇ ಸತ್ತವಳು. ಅವಳು ಲೈಟರನ್ನು ಅದರ ಮೊಳೆಗೆ ನೇತುಹಾಕಿದಳು. ಸ್ಟೀಲ್ ಡಬ್ಬಕ್ಕೆ ಅನ್ನ ತುಂಬಿ, ಮೇಲೆ ಸಾರು ಸುರಿದು, ಮುಚ್ಚಳ ಅದುಮಿ, ಟವಲಿನಲ್ಲಿ ಬಿಗಿದು ಕಟ್ಟಿದಳು. ತನ್ನ ಬುತ್ತಿ ತಾನೇ ಕಟ್ಟಿಕೊಂಡು, ಹಿತ್ತಿಲ ಬಾಗಿಲಿಂದ ಇಳಿದು, ಸಣ್ಣ ಮಳೆಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ನರಸೀಪುರದ ಬಸ್ಸು ನಿಂತಿತ್ತು. ಆಧಾರ್ ತೋರಿಸಿದಳು. ಒಬ್ಬರೇನಾ ಎಂದು ಕಂಡಕ್ಟರ್ ಕೇಳಿದ. ಮಡಿಲಲ್ಲಿದ್ದ ಅವ್ವನನ್ನೊಮ್ಮೆ ನೋಡಿ, ಒಬ್ಬಳೇ ಎಂದಳು. ಹೆಂಗಸರ ಪುಕ್ಕಟೆ ಟಿಕೆಟಿನ ಮೇಲೆ ಆ ದಿನದ ತಾರೀಖು ಅಚ್ಚಾಗಿ ಬಂತು. ಅದನ್ನು ಫೋಟೊದ ಹಿಂದೆ ಇಟ್ಟುಕೊಂಡಳು.

ಬಸ್ಸು ಹೊರಡುವಾಗ ಫೋನು ಬಂತು, ಗಂಡ. ಎಲ್ಲಿದ್ದೀಯ ಎಂದು ಕೇಳುತ್ತಾನೆಂದು ಎತ್ತಿದಳು.

“ಕೋಮಲ, ಧನಿಯಾ ಪುಡಿ ಯಾವ ಡಬ್ಬದಲ್ಲಿದೆ?”

ಹಾರ್ಲಿಕ್ಸ್ ಡಬ್ಬ ಎಂದಳು. ಹಾರ್ಲಿಕ್ಸ್ ಎಲ್ಲಿದೆ ಎಂದ. ಅದು ಮುಗಿದು ವರ್ಷಗಳಾದವು ಎಂದು ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು.

ಸುತ್ತೂರು ದಾಟಿದ ಮೇಲೆ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಹೋದ ವರ್ಷ ಇದೇ ದಿನ ಮಿಕ್ಸಿ ತಿರುಗುತ್ತಿತ್ತು, ಏನೂ ಕೇಳಿಸಿರಲಿಲ್ಲ. ಈಗ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮುಂದಿನ ಸೀಟಿನವರು ಹಿಂತಿರುಗಿ ನೋಡುವಷ್ಟು, ಕಂಡಕ್ಟರ್ ಕೂಡ, ಅಕ್ಕ ನಿಮ್ಮ ಫೋನು ಎನ್ನುವಷ್ಟು. ಕೋಮಲ ಡಬ್ಬದ ಮೇಲೆ ಅಂಗೈ ಊರಿದಳು. ಇನ್ನೂ ಬೆಚ್ಚಗಿತ್ತು.

ಕೇಳಲಿಲ್ಲ ಅಂದುಕೊಂಡಳು.